ಅತ್ತೆ ನೀರಿಗೆ ಬಿಟ್ಟ ಏಡಿ

ನಿಂಬೆಹಣ್ಣಿನ ಸಿಪ್ಪೆಯನ್ನು ಕೈಗೆ ಉಜ್ಜಿಕೊಂಡಾಗಲೆಲ್ಲ ನನಗೆ ಮೀನು ನೆನಪಾಗುತ್ತದೆ. ಬೇರೆಯವರಿಗೆ ನಿಂಬೆ ಅಂದರೆ ಪಾನಕ, ಚಿತ್ರಾನ್ನ. ನನಗೆ ಮಾತ್ರ ಸ್ಯಾನ್ ಡಿಯಾಗೋದ ಒಂದು ಬೇಸಿಗೆ. ಅಲ್ಲಿನ ಮೀರಾ ಮೆಸಾ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಬಂಗುಡೆಯ ನಾತ ಹೋಗಲೆಂದು ಉಗುರಿನ ಸಂದಿಯನ್ನೆಲ್ಲ ನಿಂಬೆಹೋಳಿನಿಂದ ತಿಕ್ಕುತ್ತಿದ್ದೇನೆ. ಬಾಗಿಲಾಚೆ ಅತ್ತೆಯ ದನಿ: "ಎಷ್ಟೊತ್ತ ಕೈ ತೊಳಿತೀ ಚಂದನಾ? ನೀರಿನ್ಯಾಗೂ ಜೀವ ಇರ್ತಾವ ಬೇ, ಸಾಕ್ ಮಾಡು!"

ಮೊನ್ನೆ ಶರಬತ್ತಿಗೆಂದು ನಿಂಬೆ ಹಿಂಡುವಾಗ ಆ ದನಿ ಕೇಳಿಯೇಬಿಟ್ಟಿತು. ಕೈಯಲ್ಲಿದ್ದ ಹೋಳನ್ನು ಕೆಳಗಿಟ್ಟೆ. ನಾಚಿಕೆ ಹಳತಾಗುತ್ತದೆ ಅನ್ನುತ್ತಾರಲ್ಲ, ನನ್ನದು ಇನ್ನೂ ಹಸಿಯಾಗಿಯೇ ಇದೆ.

ಅದು ೨೦೦೪ರ ಬೇಸಿಗೆ. ಹಿಂದಿನ ವರ್ಷದ ಶರತ್ಕಾಲದಲ್ಲಿ ಬೆಟ್ಟದ ಕಾಡಿಗೆ ಬೆಂಕಿ ಬಿದ್ದು, ನಮ್ಮ ಪಕ್ಕದ ಬಡಾವಣೆ ಸ್ಕ್ರಿಪ್ಸ್ ರ್ಯಾಂಚಿನ ಬೀದಿಗಳವರೆಗೂ ನುಗ್ಗಿ, ಸಾಲುಸಾಲು ಮನೆಗಳನ್ನು ನುಂಗಿತ್ತು. ಹೊತ್ತಿ ಉರಿದ ಕುರುಚಲು ಕಾಡಿನಲ್ಲಿ ಯಾವ ಯಾವ ಪತಂಗ ಮರಳಿ ಬಂದಿವೆ ಎಂದು ನೋಡುವ ಸರ್ವೆಯೊಂದು ಶುರುವಾಗಿತ್ತು. ಅದನ್ನು ನಡೆಸುತ್ತಿದ್ದಾಕೆ ಕ್ಯಾರೊಲ್. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಹೆಂಗಸು. ಬಿಸಿಲಿಗೆ ಸುಟ್ಟ ಮುಂಗೈ, ಹಳೇ ಪಿಕಪ್ ಟ್ರಕ್, ಯಾವಾಗಲೂ ಒಂದೇ ಹ್ಯಾಟು. ಅವಳದೇ ಉಸ್ತುವಾರಿಯಲ್ಲಿ ಇನ್ನೊಂದು ಕೆಲಸವೂ ಇತ್ತು: ಸ್ಯಾನ್ ಡಿಯಾಗೋದ ಕಡಲ ಹಿನ್ನೀರಿನಲ್ಲೂ, ಎರಡು ಗಂಟೆ ದಾರಿಯಾಚೆ ಲಾಂಗ್ ಬೀಚಿನ ಬಂದರಿನ ಮಗ್ಗುಲಲ್ಲೂ, ಯುರೋಪಿನ ಹಸಿರು ಏಡಿ ಬಂದು ಸೇರಿಕೊಂಡಿದೆಯೇ ಎಂದು ಬಲೆಪೆಟ್ಟಿಗೆ ಇಳಿಸಿ ಹುಡುಕುವುದು.

ಬೆಟ್ಟದ ಪತಂಗಕ್ಕೂ ಕಡಲಿನ ಏಡಿಗೂ ಏನು ಸಂಬಂಧ ಅಂತ ನಾನೂ ಕೇಳಿದ್ದೆ. ಕ್ಯಾರೊಲ್ ಲಾಂಗ್ ಬೀಚಿನಲ್ಲಿ ಟ್ರಕ್ ನಿಲ್ಲಿಸಿ ಕಂಟೇನರ್ ಹಡಗುಗಳ ಕಡೆ ಕೈ ತೋರಿಸಿದಳು. ಮೆಡಿಟರೇನಿಯನ್ ಸಮುದ್ರದ ಸುತ್ತ ಇರುವುದೂ ಇದೇ ಹವೆ: ಮಳೆ ಬಂದರೆ ಚಳಿಗಾಲದಲ್ಲಿ, ಬೇಸಿಗೆಯಿಡೀ ಒಣ. ಹಡಗಿನ ಹೊಟ್ಟೆಯಲ್ಲಿ ತುಂಬಿಸಿದ ನೀರಿನ ಜೊತೆ ಆ ಕಡೆಯ ಮರಿ ಏಡಿಗಳು ಇಲ್ಲಿಗೆ ಬಂದರೆ ಚೆನ್ನಾಗಿಯೇ ಬದುಕುತ್ತವೆ. ಇಲ್ಲಿನ ಚಿಪ್ಪುಮೀನು, ಇಲ್ಲಿನ ಏಡಿಮರಿ ಎಲ್ಲವನ್ನೂ ತಿಂದು ಹಾಕುತ್ತವೆ. ಒಂದು ಕಡೆ ಬೆಂಕಿಯ ನಂತರ ಉಳಿದದ್ದೇನು, ಇನ್ನೊಂದು ಕಡೆ ಹೊಸದಾಗಿ ಬಂದದ್ದೇನು. ಎರಡೂ ಒಂದೇ ಲೆಕ್ಕ ಎಂದಳು.

ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಭರತೇಶನನ್ನು ಮದುವೆಯಾಗಿ ಅಲ್ಲಿಗೆ ಹೋದವಳು ನಾನು. ಅವನು ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರ್. ವೀಸಾದ ಪ್ರಕಾರ ನಾನು ಅವನ ಬಾಲ. ಸಂಬಳದ ಕೆಲಸ ಮಾಡುವ ಹಾಗಿಲ್ಲ. ಸಾರು ಕುದಿಸಿ, ಇಂಡಿಯನ್ ಸ್ಟೋರಿನಲ್ಲಿ ಬೆಂಡೆಕಾಯಿ ಆರಿಸಿ, ಗಂಡ ಬರುವುದನ್ನು ಕಾಯುತ್ತ ಕೂತು ಕೂತು ನನಗೆ ತಲೆ ಕೆಟ್ಟುಹೋಗಿತ್ತು. ಲೈಬ್ರರಿಯ ಬೋರ್ಡಿನಲ್ಲಿ ಸರ್ವೆಗೆ ಸ್ವಯಂಸೇವಕರು ಬೇಕು ಎಂಬ ಚೀಟಿ ನೋಡಿ ಹೋದೆ. ವರ್ಕ್ ಪರ್ಮಿಟ್ ಬಂದ ದಿನ ನಿನ್ನನ್ನೇ ಕೆಲಸಕ್ಕೆ ತಗೊಳ್ಳುತ್ತೇನೆ, ಅಷ್ಟರವರೆಗೆ ಸರ್ವೆ ಉಳಿದಿದ್ದರೆ, ಎಂದಳು ಕ್ಯಾರೊಲ್. ಸರ್ವೆಗೆ ಹಣ ಕೊಡುವ ಮೇಲಿನವರು, ಬೇಸಿಗೆ ಮುಗಿಯುವುದರೊಳಗೆ ಒಂದು ಹಸಿರು ಏಡಿಯನ್ನಾದರೂ ತೋರಿಸು, ಇಲ್ಲವಾದರೆ ಏಡಿ ಹುಡುಕುವುದನ್ನು ಮುಚ್ಚು ಎಂದಿದ್ದರಂತೆ. ಕಂಡೆ ಎಂದರೆ ಸಾಲದು. ಏಡಿಯನ್ನೇ ತಂದು ಮೇಜಿನ ಮೇಲೆ ಇಡಬೇಕು.

ಈಗ ನಾಚಿಕೆಯ ಮಾತಿಗೆ ಬರುತ್ತೇನೆ. ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಊಟ ಮಾಡದ ಮನೆತನ. ಯಾಕೆ? ದೀಪ ಹಚ್ಚಿದರೆ ಹುಳ ಬರುತ್ತವೆ, ಅನ್ನದಲ್ಲಿ ಬಿದ್ದು ಸಾಯುತ್ತವೆ ಎಂದು. ಅಂಥ ಮನೆಯ ಮಗಳು, ಅಂಥದೇ ಮನೆಯ ಸೊಸೆ, ಸಂಜೆ ಬೆಟ್ಟಕ್ಕೆ ಹೋಗಿ ಹುಳ ಬರಲಿ ಎಂದೇ ದೀಪ ಹಚ್ಚಿಡುತ್ತಿದ್ದೆ. ಬಕೆಟ್ಟಿನ ಮೇಲೊಂದು ಬಲ್ಬು, ಅದರ ಕೆಳಗೆ ಕೊಳವೆ. ಬೆಳಿಗ್ಗೆ ಹೋಗಿ ಮುಚ್ಚಳ ತೆಗೆದರೆ ಒಳಗೆ ಬೂದಿ ಬಣ್ಣದ್ದು, ಜೇಡಿಮಣ್ಣಿನ ಬಣ್ಣದ್ದು, ರೆಕ್ಕೆಯ ಮೇಲೆ ಬೆಳ್ಳಿಯ ಚುಕ್ಕೆ ಇದ್ದದ್ದು. ಸುತ್ತಲೂ ಕರಿ ಕಡ್ಡಿಗಳ ಹಾಗೆ ನಿಂತ ಗಿಡಗಳು. ಬುಡದಲ್ಲಿ ಮಾತ್ರ ಕೆಂಪುಮಿಶ್ರಿತ ಹಸಿರು ಚಿಗುರು. ಹೆಚ್ಚಿನ ಪತಂಗಗಳನ್ನು ಎಣಿಸಿ ಹಾರಿಬಿಡುತ್ತಿದ್ದೆವು. ಗುರುತು ಸಿಗದ ಪ್ರತಿ ಜಾತಿಯದೂ ಒಂದನ್ನು ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳುವುದು ಅಂದರೆ ಔಷಧಿ ಹಾಕಿದ ಸೀಸೆಯೊಳಗೆ ಬಿಟ್ಟು ಮುಚ್ಚಳ ತಿರುಗಿಸುವುದು. ರೆಕ್ಕೆ ಪಟಪಟ ಅನ್ನುವುದು ನಿಂತ ಮೇಲೆ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡುವುದು. ಆ ಪಟಪಟ ನನ್ನ ಅಂಗೈಗೆ ತಾಗುತ್ತಿತ್ತು. ಆಮೇಲೆ ಆ ಕೈಯಲ್ಲೇ ಮನೆಗೆ ಬಂದು ಒಲೆ ಹಚ್ಚುತ್ತಿದ್ದೆ.

ನಮ್ಮ ಫ್ರೀಜರಿನಲ್ಲಿ ಇಡಲು ಮನಸ್ಸಾಗಲಿಲ್ಲ. ಕೆಳಗಿನ ಮನೆಯ ಶಬಾನಾ ಮೈಸೂರಿನವಳು, ನನ್ನ ಪಾಲಿಗೆ ಆ ಊರಿನಲ್ಲಿದ್ದ ಒಬ್ಬಳೇ ಗೆಳತಿ. ಅವಳ ಫ್ರೀಜರಿಗೆ ನನ್ನ ಡಬ್ಬಿಗಳು ಸೇರಿದವು. "ನಿನ್ ಹುಳಗಳು ನನ್ ಕೀಮಾ ಪಕ್ಕ ಆರಾಮಾಗಿ ಮಲ್ಕೊಂಡಿವೆ ಕಣೇ," ಎಂದು ನಗುತ್ತಿದ್ದಳು. "ನಿನ್ನೆ ನಮ್ಮನೆಯವ್ರು ಐಸ್‌ಕ್ರೀಮ್ ಅಂದ್ಕೊಂಡು ಡಬ್ಬಿ ಓಪನ್ ಮಾಡಿ ಹೆಂಗ್ ಕಿರುಚ್ಕೊಂಡ್ರು ಅಂತೀಯಾ!"

ಜೂನ್ ತಿಂಗಳಲ್ಲಿ ಅತ್ತೆ ಬಂದರು. ಚಿಕ್ಕೋಡಿ ಕಡೆಯವರು. ಅತ್ತೆ ಎಂದರೆ ಕಾಟ ಅಂದುಕೊಳ್ಳಬೇಡಿ. ನನ್ನ ಮಟ್ಟಿಗೆ ನಮ್ಮವ್ವನಿಗಿಂತ ಸಲಿಗೆ ಅವರ ಹತ್ತಿರವೇ ಇತ್ತು. ವಿಮಾನ ನಿಲ್ದಾಣದಲ್ಲಿ ನನ್ನನ್ನು ತಬ್ಬಿಕೊಂಡು ಅವರಾಡಿದ ಮೊದಲ ಮಾತು: "ಕೇಳಿದ್ನಿ ಯವ್ವಾ, ಎಲ್ಲಾ ಕೇಳಿದ್ನಿ. ಬೆಂಕಿ ಬಿದ್ದ ಅಡವ್ಯಾಗ ಹುಳಾ ಉಳಸೂ ಕೆಲಸ ಮಾಡಾಕತ್ತೀಯಂತ. ನಮ್ಮ ಮನಿತನದ ಪುಣ್ಯಾ!"

ನಾನು ಭರತೇಶನ ಮುಖ ನೋಡಿದೆ. ಅವನು ಲಗೇಜಿನ ಬೆಲ್ಟಿನ ಕಡೆ ನೋಡುತ್ತಿದ್ದ. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. "ಅವ್ವಗ ಮತ್ತೇನ್ ಹೇಳ್ಲಿ? ಸಾಯಸ್ತಾಳ ಅಂತ ಹೇಳ್ಲೇನು? ನಾಲ್ಕ್ ತಿಂಗಳ ಇರಾಕಿ, ಸುಮ್ಮ್ ಇರು," ಎಂದ. ಬಾಯಿ ಮುಚ್ಚಿಕೊಂಡೆ. ಯಾಕೆಂದರೆ ಅತ್ತೆ ಆಗಲೇ ಅಡುಗೆಮನೆಯ ನಲ್ಲಿಗೆ ಬಿಳಿ ಮಲ್ಲಿನ ಬಟ್ಟೆ ಕಟ್ಟಲು ಬಂದುಬಿಟ್ಟಿದ್ದರು.

ಆ ಬಟ್ಟೆಯ ವಿಚಾರ ಹೇಳಬೇಕು. ನಮ್ಮಲ್ಲಿ ನೀರು ಸೋಸದೆ ಕುಡಿಯುವುದಿಲ್ಲ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಚೆಲ್ಲುವುದೂ ಇಲ್ಲ. ಬಟ್ಟೆಯನ್ನು ಹಿಂದುಮುಂದಾಗಿ ಜಾಲಿಸಿ, ಯಾವ ಬಾವಿಯ ನೀರೋ ಅದೇ ಬಾವಿಗೆ ಮರಳಿ ಬಿಡುತ್ತಾರೆ. ಯಾರು ಯಾವ ನೀರಿನವರೋ ಅಲ್ಲಿಗೇ. ಅತ್ತೆ ಊರಿನಲ್ಲಿ ಹುಟ್ಟಿದಾಗಿನಿಂದ ಮಾಡಿದ್ದು ಅದನ್ನೇ. ಮೀರಾ ಮೆಸಾದ ಸಿಂಕಿನ ಮುಂದೆ ಬಟ್ಟೆ ಹಿಡಿದು ನಿಂತು ಕೇಳಿದರು: "ಇದರ ಮೂಲ ನೀರು ಎಲ್ಲೈತಿ?" ಭರತೇಶ, ದೂರದ ನದಿಯಿಂದ ಮರುಭೂಮಿ ದಾಟಿ ಕಾಲುವೆಯಲ್ಲಿ ಬರುತ್ತದೆ ಎಂದ. ಅತ್ತೆ ಬಟ್ಟೆಯನ್ನೂ ಸಿಂಕನ್ನೂ ನೋಡಿ, "ಅಯ್ಯ, ಪಾಪ," ಎಂದಷ್ಟೇ ಅಂದರು. ಅಂದಿನಿಂದ ಆ ಬಟ್ಟೆಯನ್ನು ಹೊರಗಿನ ಗಿಡದ ಬುಡದಲ್ಲಿ ಜಾಲಿಸುತ್ತಿದ್ದರು.

ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಎಂಟಕ್ಕೆ ಮುಳುಗುತ್ತಾನೆ. ಅತ್ತೆಗೆ ಅದು ಹಬ್ಬ. "ಏನ್ ದೇಶ ಬೇ ಇದು! ಸಂಜಿಮುಂದ ಎರಡ್ ಸಲ ಊಟಾ ಮಾಡಬಹುದು," ಎಂದು ನಗುತ್ತ ಎಲೆಕೋಸಿನ ಪಲ್ಯಕ್ಕೆ ಇನ್ನೊಂದು ರೊಟ್ಟಿ ಹಾಕಿಕೊಳ್ಳುತ್ತಿದ್ದರು. ಅವರು ತಟ್ಟೆ ತೊಳೆದಿಡುವ ಹೊತ್ತಿಗೆ ಸರಿಯಾಗಿ ನಾನು ದೀಪ ಹಚ್ಚಲು ಬೆಟ್ಟಕ್ಕೆ ಹೊರಡುತ್ತಿದ್ದೆ. ಬಾಗಿಲವರೆಗೂ ಬಂದು, "ಹುಷಾರು, ಕತ್ಲಾಗ ಒಂದೂ ತುಳೀಬ್ಯಾಡ," ಎನ್ನುತ್ತಿದ್ದರು. ನಾನು ಕಾರಿನ ಕೀ ತಗೊಂಡು ಬೇಗಬೇಗ ಮೆಟ್ಟಿಲಿಳಿಯುತ್ತಿದ್ದೆ.

ಅವರ ಹೆಮ್ಮೆ ಮನೆಯೊಳಗೆ ಉಳಿಯಲಿಲ್ಲ. ಶ್ರಾವಣದಲ್ಲಿ ಸ್ಕ್ರಿಪ್ಸ್ ರ್ಯಾಂಚಿನ ಒಬ್ಬ ಅಂಕಲ್ ಮನೆಯಲ್ಲಿ ನಮ್ಮ ಸಮಾಜದವರ ಪಾಟ್‌ಲಕ್ ಇತ್ತು, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿ ಉಣ್ಣುವುದು. ಅವರ ಬೀದಿಯಲ್ಲಿ ಒಂದು ಮನೆ ಬಿಟ್ಟು ಒಂದು ಬರೀ ಬೂದಿ ಗುಡಿಸಿದ ಸೈಟು. ಊಟದ ನಡುವೆ ಅಂಕಲ್ ಚಮಚದಿಂದ ಗ್ಲಾಸು ಬಾರಿಸಿದರು. "ಎಲ್ರೂ ಒಂದ್ನಿಮಿಷ ಇಲ್ಲಿ ಅಟೆನ್ಷನ್ ಕೊಡಿ! ನಮ್ಮ ಚಂದನಾ ಅವ್ರು ಅಹಿಂಸೆನ ಸೈನ್ಸ್ ಥ್ರೂ ಪ್ರಾಕ್ಟೀಸ್ ಮಾಡ್ತಿದಾರೆ. ಸುಟ್ಟ ಕಾಡಲ್ಲಿ ಒಂದೊಂದು ಚಿಟ್ಟೇನೂ ಸೇವ್ ಮಾಡ್ತಿದಾರೆ. ಅವ್ರಿಗೆ ಒಂದು ಚಿಕ್ಕ ಸನ್ಮಾನ."

ಊರು ಬಿಟ್ಟು ಎಷ್ಟು ದೂರ ಹೋದರೂ ನಮ್ಮವರಿಗೆ ಸನ್ಮಾನದ ಚಟ ಬಿಡುವುದಿಲ್ಲ ನೋಡಿ. ಕೆಂಪು ಅಂಚಿನ ಉಣ್ಣೆಯ ಶಾಲು ಹೊದಿಸಿದರು. ತಟ್ಟೆಯಲ್ಲಿ ಸೇಬು, ತೆಂಗಿನಕಾಯಿ. ಚಪ್ಪಾಳೆ. ಶಬಾನಾಳ ಫ್ರೀಜರಿನಲ್ಲಿ ಕೀಮಾ ಪಕ್ಕ ಮಲಗಿದ್ದ ಪತಂಗಗಳು ನನ್ನ ಕಣ್ಣ ಮುಂದೆ ಬಂದವು. ನೆಲ ಬಿರಿಯಬಾರದೇ ಅನ್ನಿಸಿತು. ಎರಡು ಮಾತಾಡಿ ಎಂದರು. "ಥ್ಯಾಂಕ್ಸ್" ಎಂದು ಕೂತುಬಿಟ್ಟೆ. ಅದನ್ನೂ ವಿನಯ ಅಂದುಕೊಂಡರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಶಬಾನಾಗೆ ಹೇಳಿದೆ. ಅವಳು ಮೊದಲು ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ಗಂಭೀರವಾದಳು. "ನೋಡು, ನಿಮ್ಮತ್ತೆಗೆ ಹೇಳ್ಬಿಡು. ಬೈತಾರೆ, ಅಷ್ಟೇ ತಾನೇ? ಸುಳ್ಳು ನಿನ್ ಗಂಡಂದು, ನಾಚಿಕೆ ಮಾತ್ರ ನಿಂದು. ಇದ್ಯಾವ ನ್ಯಾಯ?"

"ಹೇಳಿದ್ರೆ ಕೆಲಸ ಬಿಡು ಅಂತಾರೆ," ಎಂದೆ.

"ಅಂದ್ರೆ?"

ಅಂದರೆ ಬಿಡಬೇಕಾಗುತ್ತದೆ. ಅವರ ಮಾತನ್ನು ಮೀರುವುದು ನನ್ನಿಂದಾಗದು. ಆ ಕೆಲಸ ಬಿಟ್ಟರೆ ನಾನು ಮತ್ತೆ ಬೆಂಡೆಕಾಯಿ ಆರಿಸುವವಳು. ಹೀಗೆ ಅತ್ತೆಯ ಪ್ರೀತಿಯೂ ಬೇಕು, ಸೀಸೆಯೂ ಬೇಕು ಎಂದುಕೊಂಡು ಬೇಸಿಗೆ ಕಳೆದೆ.

ಭಾದ್ರಪದ ಬಂತು. ದಶಲಕ್ಷಣ ಪರ್ವ: ಉಪವಾಸ, ಪೂಜೆ, ಕಡೆಗೆ ಕ್ಷಮಾವಣಿ, ಅಂದರೆ ವರ್ಷವಿಡೀ ನೋಯಿಸಿದ್ದಕ್ಕೆ ಮನುಷ್ಯರಿಂದ ಹಿಡಿದು ಸಕಲ ಜೀವಗಳವರೆಗೆ ಕೈಮುಗಿದು ಕ್ಷಮೆ ಕೇಳುವ ದಿನ. ಪರ್ವದ ಮೊದಲ ಬೆಳಿಗ್ಗೆಯೇ ಅತ್ತೆ, "ಇವತ್ತ ನಾನೂ ಬರ್ತೀನಿ. ಜೀವಾ ಉಳಸೂದು ಕಣ್ಣಾರೆ ನೋಡಬೇಕು," ಎಂದು ಹಟ ಹಿಡಿದರು. ಅಂದು ಸ್ಯಾನ್ ಡಿಯಾಗೋದ ಹಿನ್ನೀರಿನಲ್ಲಿ ಏಡಿಬಲೆ ತೆಗೆಯುವ ದಿನ. ಬಲೆಗೆ ಬಿದ್ದ ಇಲ್ಲಿನ ಏಡಿಗಳನ್ನು ಎಣಿಸಿ ವಾಪಸ್ ನೀರಿಗೇ ಬಿಡುತ್ತಿದ್ದೆವು. ಬೇಸಿಗೆಯಿಡೀ ಸಿಗದ ಹಸಿರು ಏಡಿ ಇವತ್ತೇ ಸಿಗುತ್ತದೆಯೇ? ನೋಡಿದರೆ ನೋಡಲಿ, ಬಿಡುವುದನ್ನೇ ತಾನೆ ನೋಡುವುದು ಎಂದು ಕರೆದುಕೊಂಡು ಹೋದೆ.

ಕಡಲ ಮಂಜು ಇನ್ನೂ ಎದ್ದಿರಲಿಲ್ಲ. ಅತ್ತೆ ಸೀರೆಯ ಕೆಳಗೆ ಭರತೇಶನ ಹಳೇ ಬೂಟು, ಮೇಲೆ ನನ್ನ ಸನ್ಮಾನದ ಶಾಲು. ನೀರಿನ ಮೇಲೆ ಚಾಚಿದ್ದ ಮರದ ಕಟ್ಟೆಯ ಮೇಲೆ ನಿಂತು ಹಗ್ಗ ಎಳೆದು ಮೊದಲ ಪೆಟ್ಟಿಗೆ ತೆಗೆದೆ. "ಏನ್ ನಾತ ಬೇ ಇದು!" ಎಂದು ಮೂಗು ಮುಚ್ಚಿದರು. ಏಡಿಗೆ ಆಸೆ ತೋರಿಸಲು ಒಳಗೆ ಕಟ್ಟಿದ್ದ ಬಂಗುಡೆ ತುಂಡಿನ ಚೀಲವನ್ನು ಕೈಯಿಂದ ಮರೆಮಾಡಿ, "ಕೆಸರಿಂದ್ರಿ ಅತ್ತಿ," ಎಂದೆ. ನಾಲ್ಕು ಏಡಿ. ಎಣಿಸಿ ಬಿಟ್ಟೆ. ಪ್ರತಿಯೊಂದು ನೀರಿಗೆ ಇಳಿದಾಗಲೂ ಅತ್ತೆ ಕೈಮುಗಿದರು.

ಮುಂದಿನ ಪೆಟ್ಟಿಗೆಯಲ್ಲಿ ಒಂದೇ ಒಂದಿತ್ತು. ಅಂಗೈಯಗಲ, ಪಾಚಿಯ ಬಣ್ಣ. ಮೊದಲು ನಾನೂ ಗಮನಿಸಲಿಲ್ಲ. ತಿರುಗಿಸಿ ಚಿಪ್ಪಿನ ಅಂಚು ನೋಡಿದೆ. ಕಣ್ಣಿನ ಆಚೀಚೆ ಒಂದೊಂದು ಬದಿಗೆ ಐದು ಹಲ್ಲು. ಮತ್ತೆ ಎಣಿಸಿದೆ. ಐದೇ. ಹಸಿರು ಏಡಿಯ ಗುರುತೇ ಅದು.

"ಅತ್ತಿ! ಸಿಕ್ತ್ರಿ! ಬ್ಯಾಸಿಗಿಯಿಡೀ ಇದನ್ನ ಹುಡಕಾಕತ್ತಿದ್ವಿ!"

"ಸಿಕ್ತಾ? ಸಿಕ್ತಲ್ಲಾ!" ಅತ್ತೆಗೂ ನನ್ನಷ್ಟೇ ಖುಷಿ. ಏಡಿಯನ್ನು ಬಕೆಟ್ಟಿನ ನೀರಿಗೆ ಹಾಕಿ ಕಟ್ಟೆಯ ನೆರಳಿನಲ್ಲಿಟ್ಟೆ. ಅಲ್ಲಿ ಸೆಲ್‌ಫೋನಿಗೆ ಸಿಗ್ನಲ್ ಇರಲಿಲ್ಲ. ರಸ್ತೆಯವರೆಗೆ ಓಡಿ ಕ್ಯಾರೊಲ್‌ಗೆ ಫೋನ್ ಮಾಡಿದೆ. ಅವಳು ಆಚೆ ದಡದಲ್ಲೇ ಇದ್ದಳು. ಫೋನ್ ಇಡದೆಯೇ ಟ್ರಕ್ ಸ್ಟಾರ್ಟ್ ಮಾಡಿದ್ದು ಕೇಳಿಸಿತು. "ಮುಟ್ಟಬೇಡಿ" ಎಂಬ ಒಂದು ಮಾತನ್ನು ಅತ್ತೆಗೆ ಹೇಳಿ ಬರಲು ನನಗೆ ತೋಚಿರಲಿಲ್ಲ.

ನಾನು ಮರಳಿ ಬರುವ ಹೊತ್ತಿಗೆ ಅತ್ತೆ ಕಟ್ಟೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಕೆಟ್ ತೊಳೆಯುತ್ತಿದ್ದರು. ಅಡುಗೆಮನೆಯ ಬಟ್ಟೆಯನ್ನು ಜಾಲಿಸುವ ಹಾಗೆಯೇ, ಮೂರು ಸಲ ನೀರು ತುಂಬಿ, ಮೂರು ಸಲ ಬಗ್ಗಿಸಿ, ಒಂದು ಹನಿಯೂ ಹಲಗೆಯ ಮೇಲೆ ಉಳಿಯದಂತೆ.

"ಬಿಟ್ನಿ," ಎಂದರು ನಗುತ್ತ. "ಪಂಜರದಾಗಿಂದ ಬಿಡಿಸಿದಾಕಿ ನೀ. ಕಡೀಕ ಅದರ ನೀರಿಗೆ ಅದನ್ನ ಮುಟ್ಟಿಸಿದಾಕಿ ನಾನು. ಎಷ್ಟ್ ಲಗೂನ ಹೋತು ಅಂತಿ! ಹಬ್ಬದ ಮೊದಲ್ನೇ ದಿನಾನ ಇಂಥಾ ಪುಣ್ಯಾ ಸಿಕ್ತು ನೋಡು."

ನಾನು ಅಂಚಿಗೆ ಬಗ್ಗಿ ನೀರು ನೋಡಿದೆ. ಅಷ್ಟರಲ್ಲಿ ಟ್ರಕ್ ಬಂತು. ಕ್ಯಾರೊಲ್ ಓಡುತ್ತಲೇ ಬಂದಳು, ಆ ವಯಸ್ಸಿನಲ್ಲಿ. ಬಕೆಟ್ಟಿನೊಳಗೆ ಇಣುಕಿದಳು. ನನ್ನನ್ನು ನೋಡಿದಳು. ಅತ್ತೆ ಅವಳಿಗೂ ನಗುತ್ತ ಕೈಯಿಂದ ನೀರಿನ ಕಡೆ ತೋರಿಸಿ, ಏಡಿ ಹೋದ ಹಾಗೆ ಬೆರಳಾಡಿಸಿದರು.

ಆಮೇಲೆ ನಡೆದದ್ದಕ್ಕೆ ನಾನೇ ದುಭಾಷಿ.

"ಇವರು ನಾವಿಲ್ಲಿ ಏನು ಮಾಡುತ್ತೇವೆ ಅಂದುಕೊಂಡಿದ್ದಾರೆ?" ಕ್ಯಾರೊಲ್ ಕೇಳಿದಳು.

"ಇವನ್ನು ಕಾಪಾಡುತ್ತೇವೆ ಅಂತ," ಎಂದೆ ಇಂಗ್ಲಿಷಿನಲ್ಲಿ.

"ಯಾರಿಂದ?"

ಕ್ಯಾರೊಲ್ ಹ್ಯಾಟು ತೆಗೆದು ಹಲಗೆಯ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಇದು ಆ ಏಡಿಯ ನೀರಲ್ಲ ಅಂತ ಇವರಿಗೆ ಹೇಳು. ಇಲ್ಲಿರುವ ಮರಿಗಳನ್ನೆಲ್ಲ ಅದು ತಿನ್ನುತ್ತದೆ. ಅದಕ್ಕೇ ಹುಡುಕುತ್ತಿದ್ದೆವು ಅಂತ ಹೇಳು." ಬಕೆಟ್ಟನ್ನು ಒಮ್ಮೆ ತಿರುಗಿಸಿ ನೋಡಿ, "ಬಕೆಟ್ ಮಾತ್ರ ಬಹಳ ಚೆನ್ನಾಗಿ ತೊಳೆದಿದ್ದಾರೆ, ಅದನ್ನೂ ಹೇಳು," ಎಂದಳು.

ಹೇಳಿದೆ. ಅತ್ತೆಯ ನಗು ನಿಧಾನವಾಗಿ ಇಳಿಯಿತು. "ಅದರ ನೀರಲ್ಲೇನು? ಹಂಗಾರ ಅದರ ನೀರು ಎಲ್ಲೈತಿ?"

"ಭಾಳ ದೂರ್ರಿ. ಸಮುದ್ರದ ಆಚಿಕಡೆ. ಹಡಗದಾಗ ಬಂದದ್ದು."

"ಅಲ್ಲಿಗೆ ವಾಪಸ್ ಕಳಸಾಕ ಬರೂದಿಲ್ಲೇನು?"

"ಇಲ್ರಿ."

"ಮತ್ತ ಹಿಡದು ಏನ್ ಮಾಡಾವ್ರು?"

ನಾನು ನನ್ನ ಕೈ ನೋಡಿಕೊಂಡೆ. "ಕೊಲ್ಲಾವ್ರು ಅತ್ತಿ."

"ಯಾರು? ಇಕಿ?" ಕ್ಯಾರೊಲ್ ಕಡೆ ಗಲ್ಲ ಎತ್ತಿದರು.

"ನಾನು."

ತನ್ನ ಮಾತು ಬಂತೆಂದು ಊಹಿಸಿದ ಕ್ಯಾರೊಲ್ ಏನಂತೆ ಎಂದಳು. ನಾನು ಅನುವಾದ ಮಾಡಲಿಲ್ಲ.

ಮನೆಗೆ ಮರಳುವಾಗ ಫ್ರೀವೇಯಲ್ಲಿ ಅತ್ತೆ ಒಂದೇ ಮಾತು ಕೇಳಿದರು. "ಪತಂಗಾನೂ?" ಹೌದೆಂದೆ. ಶಾಲನ್ನು ಬಿಚ್ಚಿ, ನಾಲ್ಕು ಮಡಿಕೆ ಮಡಚಿ, ನಮ್ಮಿಬ್ಬರ ಸೀಟಿನ ನಡುವೆ ಇಟ್ಟರು. ಅದನ್ನು ಎಸೆದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಂದು ಅವರು ಊಟ ಮಾಡಲಿಲ್ಲ. ಮರುದಿನವೂ ಇಲ್ಲ, ಕುದಿಸಿ ಆರಿಸಿದ ನೀರು ಮಾತ್ರ. ಹಬ್ಬದಲ್ಲಿ ಒಂದು ಹೊತ್ತು ಉಣ್ಣುವವರು ಅದನ್ನೂ ಬಿಟ್ಟಿದ್ದರು. ಭರತೇಶ ಗಾಬರಿಯಾಗಿ ಅವರ ಕೋಣೆಯ ಬಾಗಿಲಲ್ಲಿ ನಿಂತ. "ಅವ್ವಾ, ತಪ್ಪು ನಂದು. ನಿನಗ ಬ್ಯಾಸರಾಗಬಾರ್ದಂತ ನಾನ ಹಂಗ ಹೇಳಿದ್ನಿ. ಚಂದನಾ ಮ್ಯಾಲ ಸಿಟ್ಟ್ ಮಾಡ್ಕೊಂಡು ಉಪಾಸ ಕುಂದ್ರಬ್ಯಾಡ."

"ಅಕಿ ಸಲುವಾಗಿ ಯಾರ್ ಕುಂತಾರ?" ಒಳಗಿನಿಂದ ಅತ್ತೆಯ ದನಿ ಗಟ್ಟಿಯಾಗಿಯೇ ಬಂತು. "ಅಕಿ ಮಾಡಿದ್ದು ಅಕಿ ಲೆಕ್ಕ. ನಾ ಬಿಟ್ಟ ಏಡಿ ಇವತ್ತ ಎಷ್ಟ್ ಮರಿ ತಿಂದಿರ್ತೈತಿ? ನಾಳಿ ಎಷ್ಟ್ ತಿಂತೈತಿ? ಅದು ಯಾರ ಲೆಕ್ಕಕ್ಕೋ?"

ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಕ್ಯಾರೊಲ್ ಇಡೀ ಬೇಸಿಗೆ ನನಗೆ ವಿವರಿಸಿದ್ದನ್ನು ಅತ್ತೆ ಕಟ್ಟೆಯ ಮೇಲೆ ಒಮ್ಮೆ ಕೇಳಿ ಹೊಟ್ಟೆಗೇ ಹಾಕಿಕೊಂಡಿದ್ದರು. ಪುಣ್ಯ ಎಂದು ನಂಬಿಸಿ ಆ ಹೊರೆಯನ್ನು ಅವರ ತಲೆಗೆ ಕಟ್ಟಿದವರು ನಾವು, ಗಂಡ ಹೆಂಡತಿ.

ಕ್ಯಾರೊಲ್ ಅದೇ ಕಟ್ಟೆಯಿಂದ ದಿನಾ ಪೆಟ್ಟಿಗೆ ಇಳಿಸಿದಳು. ನಾನೂ ಹೋದೆ. ಬಂಗುಡೆ ನಾತವನ್ನು ನಿಂಬೆ ಹಾಕಿ ತೊಳೆಯುವುದನ್ನೂ ಬಿಟ್ಟೆ. ಇನ್ನು ಯಾರಿಂದ ಬಚ್ಚಿಡುವುದು? ಏಡಿ ಮತ್ತೆ ಸಿಗಲಿಲ್ಲ. ತಿಂಗಳ ಕೊನೆಗೆ ಏಡಿ ಹುಡುಕುವ ಕೆಲಸ ಮುಚ್ಚಿತು, ಪತಂಗದ್ದು ಉಳಿಯಿತು. ಸ್ವಯಂಸೇವಕಿಯೊಬ್ಬಳ ಕೈ ಜಾರಿ ಹೋಯಿತು ಎಂದು ಕ್ಯಾರೊಲ್ ಮೇಲಿನವರಿಗೆ ಹೇಳಿದಳಂತೆ. ಅತ್ತೆಯ ಹೆಸರು ಎತ್ತಲಿಲ್ಲ.

ಕ್ಷಮಾವಣಿಯ ದಿನ ಮತ್ತೆ ಸ್ಕ್ರಿಪ್ಸ್ ರ್ಯಾಂಚಿನ ಅದೇ ಅಂಕಲ್ ಮನೆ. ಪೇಪರ್ ಪ್ಲೇಟ್ ಹಿಡಿದುಕೊಂಡೇ ಎಲ್ಲರೂ ಎಲ್ಲರಿಗೂ ಕೈಮುಗಿಯುತ್ತಿದ್ದರು. ಸಾರಿ, ಸಾರಿ ಎಂದು ನಗು, ತಮಾಷೆ. ಅಂಕಲ್ ನನ್ನನ್ನು ನೋಡಿ, "ನಿಮಗೇನ್ರೀ, ನೀವು ಹುಳಗಳ ಹತ್ರಾನೂ ಕ್ಷಮೆ ಕೇಳೋ ಅಗತ್ಯ ಇಲ್ಲ," ಎಂದರು. ಮೂಲೆಯ ಸೋಫಾದಿಂದ ಅತ್ತೆ ಎದ್ದು ಬಂದರು. ಉಪವಾಸದಿಂದ ಮುಖ ಇಳಿದಿತ್ತು. ಎಲ್ಲರ ಎದುರು ನನ್ನ ಮುಂದೆ ನಿಂತು ಎರಡೂ ಕೈ ಜೋಡಿಸಿದರು. ಸೊಸೆಗೆ ಅತ್ತೆ.

"ನೀ ಹಿಡದದ್ದನ್ನ ನಿನ್ನ ಕೇಳದ ಬಿಟ್ನಿ. ನಿನ್ನ ಕೆಲಸಾ ಕೆಡಸಿದ್ನಿ. ಕ್ಷಮಾ ಮಾಡವ್ವ."

ನಾನು ಅವರ ಕೈ ಹಿಡಿದುಕೊಂಡೆ. "ಅತ್ತಿ, ನಾ ಕೇಳಬೇಕ್ರಿ, ನಾ..."

ಅವರು ದನಿ ತಗ್ಗಿಸಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು: "ಕೆಲಸಾ ಬಿಡು ಅಂತ ನಾ ಅಂತಿದ್ದಿಲ್ಲ. ಕಲತಾಕಿ ಅದಿ, ನಿನ್ನ ದಾರಿ ನಿನಗ ಗೊತ್ತು. ನೀ ಮೊದಲ ನನಗ ಖರೇ ಹೇಳಿದ್ರ ನಾ ಸುಮ್ಮ ಕಾರಿನ್ಯಾಗ ಕುಂತಿರ್ತಿದ್ನಿ. ಅಷ್ಟ."

ಅಷ್ಟೇ. ಬೇಸಿಗೆಯಿಡೀ ನಾನು ಹೆದರಿ ಹೆದರಿ ಸತ್ತದ್ದು ಇಷ್ಟಕ್ಕೆ. ಅಂಕಲ್ ಏನೆಂದು ಕೇಳಿದಾಗ ಈ ಸಲ ಉತ್ತರ ಕೊಟ್ಟೆ. ನಾನು ಪತಂಗಗಳನ್ನು ಸಾಯಿಸುತ್ತೇನೆ ಅಂಕಲ್, ಎಲ್ಲವನ್ನೂ ಅಲ್ಲ, ಕೆಲವನ್ನು, ಎಂದೆ. ಚೀಲದಲ್ಲಿ ತಂದಿದ್ದ ಆ ಮಡಚಿದ ಶಾಲನ್ನು ಅವರ ಡೈನಿಂಗ್ ಟೇಬಲ್ಲಿನ ಮೇಲಿಟ್ಟು ಬಂದೆ. ಮುಂದೆ ಆ ಮನೆಯಿಂದ ನಮಗೆ ಕರೆ ಬರುವುದು ಕಡಿಮೆಯಾಯಿತು.

ಅತ್ತೆ ಊರಿಗೆ ಹೋದರು. ಪ್ರತಿ ವರ್ಷ ಕ್ಷಮಾವಣಿಗೆ ಅವರೇ ಫೋನ್ ಮಾಡುತ್ತಿದ್ದರು. ಕ್ಷಮೆ ಕೇಳುವುದಾದ ಮೇಲೆ, ಆಮೇಲೆ ನಮಗೆ ಹುಟ್ಟಿದ ಮಗಳು, ಅವರ ಮೊಮ್ಮಗಳ ವಿಚಾರ ಆದ ಮೇಲೆ, ಇಡುವ ಮುಂಚೆ ಒಂದು ಮಾತು: "ಆ ಏಡಿ ಸಿಕ್ತ?"

"ಇಲ್ರಿ ಅತ್ತಿ."

"ಹೂಂ." ಆ ಹೂಂನಲ್ಲಿ ಸಮಾಧಾನವಿತ್ತೋ ಸಂಕಟವಿತ್ತೋ ನನಗೆ ಗೊತ್ತಾಗುತ್ತಿರಲಿಲ್ಲ.

೨೦೦೮ರ ಹೊತ್ತಿಗೆ ನನಗೆ ವರ್ಕ್ ಪರ್ಮಿಟ್ ಬಂದಿತ್ತು, ಸಂಬಳದ ಕೆಲಸವಿತ್ತು, ಏಡಿ ಹುಡುಕುವುದು ಮತ್ತೆ ಶುರುವಾಗಿತ್ತು. ಆ ಬೇಸಿಗೆಯ ಕೊನೆಯಲ್ಲಿ ಲಾಂಗ್ ಬೀಚಿನ ಹತ್ತಿರ ನನ್ನ ಪೆಟ್ಟಿಗೆಯೊಳಗೆ ಒಂದು ಬಂತು. ಪಾಚಿಯ ಬಣ್ಣ, ಬದಿಗೆ ಐದು ಹಲ್ಲು. ಅತ್ತೆ ಬಿಟ್ಟದ್ದಲ್ಲ ಬಿಡಿ, ಅದು ಅಷ್ಟು ದೂರ ಹೇಗೆ ಬಂದೀತು. ಆದರೆ ಅದೇ ಕುಲದ್ದು. ಕೆಲವೇ ದಿನಕ್ಕೆ ಕ್ಷಮಾವಣಿಯ ಫೋನ್ ಬಂತು. ಅತ್ತೆಗೆ ಆಗ ಉಬ್ಬಸ, ಮಾತು ತುಂಡು ತುಂಡಾಗಿ ಬರುತ್ತಿತ್ತು. ಭರತೇಶ ನನ್ನ ಎದುರು ನಿಂತು, ಬೇಡ, ಹೇಳಬೇಡ ಎಂದು ಕೈಯಾಡಿಸಿದ.

"ಆ ಏಡಿ... ಸಿಕ್ತೇನವ್ವ?"

"ಸಿಕ್ತ್ರಿ ಅತ್ತಿ. ಅದ ಜಾತೀದು, ಒಂದು."

"ಏನ್ ಮಾಡಿದಿ?"

"ಕೊಂದ್ನಿ ಅತ್ತಿ. ನನ್ನ ಕೈಲೇ. ಫ್ರೀಜರಿನ್ಯಾಗ ಇಟ್ಟೀನಿ."

ಫೋನ್ ಕಟ್ಟಾಯಿತೇ ಎಂದು ನೋಡಿದೆ. ಆಮೇಲೆ ನಿಧಾನವಾಗಿ ಬಂತು ಅವರ ದನಿ.

"ಆತು ಬಿಡು. ನಾ ಕಾರಿನ್ಯಾಗ ಕುಂತಿದ್ನಿ ಅಂತ ತಿಳಕೋ."